ಆರು ಶನಿವಾರ, ಒಂದು ಕಠ್ಮಂಡು: ಏನು ನೋಡಲಿ, ಏನು ಬಿಡಲಿ?

ಜೋಳದರೊಟ್ಟಿ:
ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಕೆಲಸ ಬೆಂಗಳೂರು. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ ಆಫೀಸಿಗೆ ರಜೆ ಹಾಕಿ ನೇಪಾಳಕ್ಕೆ ಹೋಗುತ್ತಿದ್ದೇನೆ. ಲಲಿತಪುರದ ಒಂದು ಸಣ್ಣ ಶಾಲೆಯಲ್ಲಿ ಆರು ವಾರ ಸ್ವಯಂಸೇವೆ. ಆರು, ಏಳನೇ ಕ್ಲಾಸಿನ ಮಕ್ಕಳಿಗೆ ಕಂಪ್ಯೂಟರ್, ಇಂಗ್ಲಿಷ್. ಉಳಿಯುವುದು ಅದೇ ಶಾಲೆಯ ಟೀಚರ್ ಒಬ್ಬರ ಮನೆಯಲ್ಲಿ.

ಆ ಶಾಲೆಗೆ ಭಾನುವಾರವೂ ರಜೆ ಇಲ್ಲ, ಶನಿವಾರ ಮಾತ್ರ. ಅಂದರೆ ಊರು ನೋಡಲು ನನಗೆ ಸಿಗುವುದು ಆರೇ ದಿನ. ಏರ್ಪಾಟು ಮಾಡಿಕೊಟ್ಟ ಏಜೆನ್ಸಿಯವರು "ಒಂದೇ ದಿನದಲ್ಲಿ ಏಳು ಪಾರಂಪರಿಕ ತಾಣ" ಅಂತ ಒಂದು ಪ್ಯಾಕೇಜ್ ಕಳಿಸಿದ್ದಾರೆ. ನಡುವೆ ಒಂದು ಅನಾಥಾಲಯಕ್ಕೆ ಭೇಟಿ, ಮಕ್ಕಳ ಜೊತೆ ಊಟ, ಫೋಟೊ. ದುಡ್ಡು ಬೇರೆ ಕಟ್ಟಬೇಕು. ಇದು ಸರಿ ಅನಿಸುತ್ತದಾ? ಹೋಗಿ ಬಂದವರು ಹೇಳಿ. ನಾನು ಶುದ್ಧ ಸಸ್ಯಾಹಾರಿ, ಅದನ್ನೂ ಗಮನದಲ್ಲಿಡಿ.

ಅಡ್ಡಮಾತು:
ಸೇವೆ ಮಾಡೋಕೆ ಹೋಗುತ್ತಿದ್ದೀರೋ, ಟೂರ್ ಹೊಡೆಯೋಕೋ? ಮೊದಲು ಅದು ಹೇಳಿ.

ಜೋಳದರೊಟ್ಟಿ:
ವಾರಕ್ಕೆ ಆರು ದಿನ ಸೇವೆ, ಒಂದು ದಿನ ಟೂರ್. ನೀವು ಆಫೀಸಿನಲ್ಲಿ ಇದಕ್ಕಿಂತ ಜಾಸ್ತಿ ಕೆಲಸ ಮಾಡುತ್ತೀರಾ ಸರ್?

ಮಳೆಹುಳು:
ಮೊದಲ ಬಾಲಿಗೇ ಔಟ್.

ತಿರುಗಾಲತಿಪ್ಪ:
ಆ ಪ್ಯಾಕೇಜ್ ಬಿಟ್ಟುಬಿಡಿ. ಕಣಿವೆಯ ಏಳು ಜಾಗಗಳನ್ನು ಯುನೆಸ್ಕೊ 1979ರಲ್ಲಿ ಒಟ್ಟಿಗೆ ಪಟ್ಟಿಗೆ ಸೇರಿಸಿತು. ಹನುಮಾನ್ ಢೋಕಾ, ಪಾಟನ್, ಭಕ್ತಪುರದ ಮೂರು ದರ್ಬಾರ್ ಚೌಕಗಳು, ಸ್ವಯಂಭು, ಬೌದ್ಧ ಎಂಬ ಎರಡು ಸ್ತೂಪಗಳು, ಪಶುಪತಿ, ಚಾಂಗು ನಾರಾಯಣ ಗುಡಿಗಳು. ಏಳನ್ನೂ ಒಂದೇ ದಿನ ನೋಡುವುದೆಂದರೆ ಬೆಳಗ್ಗೆ ಬೇಲೂರು, ಮಧ್ಯಾಹ್ನ ಹಂಪಿ, ಸಂಜೆ ಬಾದಾಮಿ ಅಂದ ಹಾಗೆ.

ಖಡಕ್‌ಚಹಾ:
ತಿಪ್ಪಣ್ಣ, ಹೋಲಿಕೆ ಸರಿ ಇಲ್ಲ. ಕಠ್ಮಂಡುವಿನಿಂದ ಭಕ್ತಪುರ ಹದಿಮೂರು ಕಿಲೋಮೀಟರ್ ಆಸುಪಾಸು. ಪಾಟನ್ ಅಂತೂ ಬಾಗ್ಮತಿ ಹೊಳೆ ದಾಟಿದರೆ ಆಯಿತು. ದೂರ ಏನೂ ಇಲ್ಲ. ಕಾಡುವುದು ಟ್ರಾಫಿಕ್ಕು, ಧೂಳು, ಮತ್ತೆ ನಮ್ಮ ಕಣ್ಣು. ಮೂರನೇ ಚೌಕಕ್ಕೆ ಬರುವ ಹೊತ್ತಿಗೆ ಎಲ್ಲ ಗುಡಿಯೂ ಒಂದೇ ತರ ಕಾಣುತ್ತದೆ. ನಾನು ಹಾಗೇ ಮಾಡಿ ಬಂದವನು. ಈಗ ಫೋಟೊ ನೋಡಿದರೆ ಯಾವುದು ಪಾಟನ್, ಯಾವುದು ಭಕ್ತಪುರ ಅಂತ ಹೆಂಡತಿಯನ್ನು ಕೇಳಬೇಕು.

ತಿರುಗಾಲತಿಪ್ಪ:
ಅದನ್ನೇ ಅಲ್ವಾ ನಾನೂ ಹೇಳಿದ್ದು?

ಖಡಕ್‌ಚಹಾ:
ಹೇಳಿದ್ದು ಹಂಪಿ, ಬಾದಾಮಿ.

ಬಿಸಿಲೂರು:
ಅನಾಥಾಲಯದ ಬಗ್ಗೆ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

2019ರಲ್ಲಿ ನಾನೂ ಎರಡು ತಿಂಗಳು ಹೋಗಿದ್ದೆ. ಹಾಜರಿ ಪುಸ್ತಕದಲ್ಲಿ 2076 ಅಂತ ಬರೆದದ್ದು ನೋಡಿ ಮೊದಲ ದಿನ ಗಾಬರಿ. ಅವರದು ವಿಕ್ರಮ ಸಂವತ್, ನಮಗಿಂತ ಸುಮಾರು 57 ವರ್ಷ ಮುಂದೆ. ಗಡಿಯಾರ ಹದಿನೈದು ನಿಮಿಷ ಮುಂದೆ. ಇದು ಅಡ್ಡದಾರಿ, ವಿಷಯಕ್ಕೆ ಬರುತ್ತೇನೆ.

ನನ್ನನ್ನು ಒಂದು ಮಕ್ಕಳ ಮನೆಗೆ ಹಾಕಿದ್ದರು. ಹೆಸರು ಬೇಡ. ಪ್ರತಿ ಶನಿವಾರ ಒಂದು ವ್ಯಾನ್ ಬರುತ್ತಿತ್ತು. ಬಿಳಿಯರು, ಕೊರಿಯಾದವರು, ಒಮ್ಮೊಮ್ಮೆ ನಮ್ಮವರು. ಮಕ್ಕಳು ಸಾಲಾಗಿ ನಿಂತು ಅದೇ ಎರಡು ಹಾಡು ಹೇಳುತ್ತಿದ್ದರು. ಬಂದವರು ಚಾಕೊಲೇಟ್ ಕೊಟ್ಟು, ಎತ್ತಿಕೊಂಡು, ಅತ್ತು, ದುಡ್ಡು ಹಾಕಿ ಹೋಗುತ್ತಿದ್ದರು. ಮುಂದಿನ ಶನಿವಾರ ಮತ್ತೆ ಅದೇ ಹಾಡು, ಬೇರೆ ಜನ. ಒಬ್ಬ ಹುಡುಗ ನನಗೆ ತುಂಬಾ ಹಚ್ಚಿಕೊಂಡಿದ್ದ, ಎಂಟು ವರ್ಷ ಇರಬಹುದು. ಅಪ್ಪ ಅಮ್ಮ ಇಬ್ಬರೂ ಇಲ್ಲ ಅಂತ ನನಗೆ ಹೇಳಿದ್ದರು. ದಸರಾಕ್ಕೆ ನಾಲ್ಕು ದಿನ ಮುಂಚೆ ಗೇಟಿನ ಹತ್ತಿರ ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಳು. ಇವನು ಓಡಿ ಹೋಗಿ ಅವಳ ಸೊಂಟ ಹಿಡಿದುಕೊಂಡ. ಅವನ ಅಮ್ಮ. ಊರಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಪಟ್ಟಣದಲ್ಲಿ ಒಳ್ಳೆ ಶಾಲೆಗೆ ಸೇರಿಸುತ್ತೇವೆ ಅಂತ ಯಾರೋ ಮಧ್ಯವರ್ತಿ ದುಡ್ಡನ್ನೂ ತೆಗೆದುಕೊಂಡು ಮಗನನ್ನೂ ಕರೆದುಕೊಂಡು ಬಂದಿದ್ದನಂತೆ.

ಆಮೇಲೆ ಓದಿದಾಗ ಗೊತ್ತಾಯಿತು, ಇದು ಅವನೊಬ್ಬನ ಕಥೆ ಅಲ್ಲ. ನೇಪಾಳದ ಮಕ್ಕಳ ಮನೆಗಳಲ್ಲಿರುವ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಇಂಥ ಮನೆಗಳು ಜಾಸ್ತಿ ಇರುವುದೂ ಪ್ರವಾಸಿಗರು ಬರುವ ಜಿಲ್ಲೆಗಳಲ್ಲೇ. ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತವನ್. ಯುನಿಸೆಫ್‌ನವರೂ ಈ ಬಗ್ಗೆ ಎಚ್ಚರಿಸಿದ್ದಾರೆ. ನೋಡೋಕೆ ಜನ ಬರುವವರೆಗೆ ಮಕ್ಕಳನ್ನು ತಂದು ತುಂಬುತ್ತಾರೆ.

ನಿಮ್ಮದು ಶಾಲೆ, ಮಕ್ಕಳು ಸಂಜೆ ಅವರವರ ಮನೆಗೆ ಹೋಗುತ್ತಾರೆ. ಅದು ಬೇರೆ ಮಾತು. ಆದರೆ ಆ ವ್ಯಾನ್ ಹತ್ತಬೇಡಿ ತಂಗಿ.

ಜೋಳದರೊಟ್ಟಿ:
ಅಕ್ಕ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬೇಡ ಅಂತ ಏಜೆನ್ಸಿಗೆ ಮೇಲ್ ಹಾಕಿದೆ. "ಎಲ್ಲರೂ ಇಷ್ಟಪಡುವ ಭಾಗ ಅದೇ ಮೇಡಂ" ಅಂತ ಉತ್ತರ ಬಂತು.

ಅಡ್ಡಮಾತು:
ಹಾಗಾದರೆ ಎಲ್ಲ ಅನಾಥಾಲಯವೂ ಮೋಸವಾ? ನಿಜವಾಗಿ ಯಾರೂ ಇಲ್ಲದ ಮಕ್ಕಳೂ ಇರುತ್ತಾರಲ್ಲ.

ಬಿಸಿಲೂರು:
ಇರುತ್ತಾರೆ. ಅವರ ಊಟದ ಹೊತ್ತಿಗೆ ಗುರುತಿಲ್ಲದವರು ಕ್ಯಾಮೆರಾ ಹಿಡಿದು ಯಾಕೆ ಹೋಗಬೇಕು? ನಿಮ್ಮ ಮಗುವಿನ ಶಾಲೆಗೆ ಟೂರಿಸ್ಟ್ ಬಸ್ ಬಂದರೆ ಗೇಟು ತೆಗೆಯುತ್ತೀರಾ?

ಅಡ್ಡಮಾತು:
ಸರಿ, ಈ ಮಾತು ಒಪ್ಪಿದೆ.

ನಿವೃತ್ತಮೇಷ್ಟ್ರು:
ಜೋಳದರೊಟ್ಟಿಯವರೇ, ನೀವು ಲಲಿತಪುರದಲ್ಲೇ ಇರುವುದರಿಂದ ಪಾಟನ್‌ಗೆ ಶನಿವಾರ ದಂಡ ಮಾಡಬೇಡಿ. ಲಲಿತಪುರ, ಪಾಟನ್ ಎರಡೂ ಒಂದೇ ಊರಿನ ಹೆಸರು. ಶಾಲೆ ಬಿಟ್ಟ ಮೇಲೆ ದರ್ಬಾರ್ ಚೌಕಕ್ಕೆ ಹೋಗಿ ಕಟ್ಟೆ ಮೇಲೆ ಕುಳಿತುಕೊಳ್ಳಿ. ಊರಿನ ಮುದುಕರು, ಕಾಲೇಜು ಹುಡುಗರು ಎಲ್ಲ ಅಲ್ಲೇ ಕುಳಿತಿರುತ್ತಾರೆ. ಎದುರಿಗೆ ಕೃಷ್ಣ ಮಂದಿರ, ರಾಜ ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ್ದು. ಸುತ್ತಲಿನ ಗುಡಿಗಳೆಲ್ಲ ಇಟ್ಟಿಗೆ, ಮರ. ಇದೊಂದು ಪೂರ್ತಿ ಕಲ್ಲು, ಇಪ್ಪತ್ತೊಂದು ಶಿಖರ. ಕೆಳಗಿನ ಅಂತಸ್ತಿನ ಪಟ್ಟಿಯಲ್ಲಿ ಮಹಾಭಾರತ, ಅದರ ಮೇಲೆ ರಾಮಾಯಣ ಕೆತ್ತಿದ್ದಾರೆ. ಹಳೇಬೀಡಿನ ಗೋಡೆ ಮುಂದೆ ನಿಂತು ಕಥೆ ಹುಡುಕಿದವರಿಗೆ ಅಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಪಕ್ಕದಲ್ಲೇ ಮಂಗ ಹಿಟಿ ಇದೆ. ನೆಲಮಟ್ಟದಿಂದ ಕೆಳಗೆ ಮೆಟ್ಟಿಲಿಳಿದು ಹೋಗುವ ಕಲ್ಲಿನ ನೀರಿನ ಬಾಯಿ. ಜನ ಕೊಡ ತುಂಬಿಸಿಕೊಂಡು ಹೋಗುತ್ತಾರೆ.

ಟಿಕೆಟ್ ಕೌಂಟರಿನಲ್ಲಿ ಭಾರತದವಳು ಅಂತ ಹೇಳಿ, ಗುರುತಿನ ಚೀಟಿ ತೋರಿಸಿ. ಸಾರ್ಕ್ ದೇಶದವರಿಗೆ ದರ ಬಹಳ ಕಡಿಮೆ. ಬಹಳ ದಿನ ಇರುತ್ತೇನೆ ಅಂದರೆ ಪಾಸ್ ಮಾಡಿಕೊಡುತ್ತಾರಾ ಕೇಳಿ ನೋಡಿ.

ಹೊನ್ನಾವರದವ:
ಪಶುಪತಿನಾಥನ ಬಗ್ಗೆ ಯಾರೂ ಹೇಳಲೇ ಇಲ್ಲ ಅಲ್ಲ ಮಾರಾಯ್ರೆ! ಅಲ್ಲಿ ಮೂಲ ಲಿಂಗ ಮುಟ್ಟಿ ಪೂಜೆ ಮಾಡುವ ಹಕ್ಕು ಇರುವುದು ನಮ್ಮ ಕಡೆಯ ಭಟ್ಟರಿಗೆ ಮಾತ್ರ. ಕರ್ನಾಟಕದಿಂದ ಹೋದವರು. ನಾನು ಹೋದಾಗ ಒಬ್ಬರು ಕನ್ನಡದಲ್ಲೇ "ಯಾವ ಊರು?" ಅಂದರು. ಅಷ್ಟು ದೂರ ಹೋಗಿ ಆ ಎರಡು ಶಬ್ದ ಕೇಳಿದರೆ ಹೇಗಾಗುತ್ತದೆ ಗೊತ್ತುಂಟಾ?

ಖಡಕ್‌ಚಹಾ:
ನಿಜ. ರಾಜ ಸತ್ತರೆ ದೇಶಕ್ಕೆಲ್ಲ ಸೂತಕ, ಆಗಲೂ ಪೂಜೆ ನಿಲ್ಲಬಾರದು ಅಂತ ಹೊರಗಿನವರನ್ನು ಇಟ್ಟರು ಅಂತ ಅಲ್ಲಿ ಹೇಳುತ್ತಾರೆ. 2009ರ ಶುರುವಿನಲ್ಲಿ ಮಾವೋವಾದಿ ಸರ್ಕಾರ ಇದ್ದಾಗ ಭಟ್ಟರನ್ನು ತೆಗೆದು ನೇಪಾಳದವರನ್ನೇ ನೇಮಿಸಿತ್ತು. ದೊಡ್ಡ ಗಲಾಟೆಯಾಗಿ ಮತ್ತೆ ಭಟ್ಟರೇ ಬಂದರು.

ಮಳೆಹುಳು:
ಅಂದರೆ ಗಲಾಟೆ ಮಾಡಿದ್ದು ನಮ್ಮವರಾ?

ಖಡಕ್‌ಚಹಾ:
ಅಲ್ಲಿನ ಭಕ್ತರೇ ಪ್ರತಿಭಟನೆಗೆ ಇಳಿದಿದ್ದರು. ದೇವಸ್ಥಾನದಲ್ಲಿ ಭಟ್ಟರ ಜೊತೆ ಕೆಲಸ ಮಾಡುವ, ಕಣಿವೆಯ ನೇವಾರಿ ಸಮುದಾಯದ ಭಂಡಾರಿಗಳೂ ವಿರೋಧಿಸಿದರು.

ಕರುನಾಡಕಲಿ:
ಪೂಜೆ ಏನು ಮಹಾ, ನೇಪಾಳ ಆಳಿದ್ದೇ ಕನ್ನಡಿಗರು! ಮಲ್ಲ ರಾಜರೆಲ್ಲ ಕನ್ನಡಿಗರು. ಶಾಲೆ ಪುಸ್ತಕದಲ್ಲಿ ಇದನ್ನೆಲ್ಲ ಹೇಳುವುದಿಲ್ಲ.

ನಿವೃತ್ತಮೇಷ್ಟ್ರು:
ತಮ್ಮಾ, ನಿಧಾನ. ನಾನ್ಯದೇವ ಎಂಬವನು 1097ರಲ್ಲಿ ಮಿಥಿಲೆಯಲ್ಲಿ ಒಂದು ವಂಶ ಕಟ್ಟಿದ. ಅದಕ್ಕೆ ಕರ್ಣಾಟ ವಂಶ ಅಂತಲೇ ಹೆಸರು. ರಾಜಧಾನಿ ಸಿಮ್ರೌನ್‌ಗಢ, ಈಗ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಚಾಲುಕ್ಯರ ಸೇನೆ ಜೊತೆ ಉತ್ತರಕ್ಕೆ ಹೋದವರ ಪೈಕಿ ಇರಬಹುದು ಎಂದು ಇತಿಹಾಸಕಾರರು ಊಹಿಸುತ್ತಾರೆ. 1324ರ ಹೊತ್ತಿಗೆ ಘಿಯಾಸುದ್ದೀನ್ ತುಘಲಕ್ ದಾಳಿ ಮಾಡಿದಾಗ ಆ ವಂಶದ ಹರಿಸಿಂಹದೇವ ಬೆಟ್ಟದ ಕಡೆ ಓಡಿದ. ಮುಂದೆ ಕಣಿವೆಯ ಮಲ್ಲರು ತಮ್ಮದು ಆ ವಂಶ ಅಂತ ಹೇಳಿಕೊಂಡರು. ಅವರ ಕುಲದೇವತೆ ತಲೇಜುವನ್ನು ಅವನ ಕಡೆಯವರೇ ತಂದರು ಎಂಬ ನಂಬಿಕೆಯೂ ಇದೆ. ಹೇಳಿಕೊಳ್ಳುವುದು ಒಂದು, ಆಗಿರುವುದು ಇನ್ನೊಂದು. ಅವರು ಮಾತಾಡಿದ್ದು ನೇವಾರಿ, ಬರೆಸಿದ್ದು ನೇವಾರಿ, ಸಂಸ್ಕೃತ.

ಕರುನಾಡಕಲಿ:
ಹೆಸರಿನಲ್ಲೇ ಕರ್ಣಾಟ ಇದೆಯಲ್ಲ ಸಾರ್.

ನಿವೃತ್ತಮೇಷ್ಟ್ರು:
ನಮ್ಮ ಬೀದಿಯಲ್ಲಿ ಒಂದು ಬಾಂಬೆ ಟೈಲರ್ಸ್ ಇದೆ. ಅವನು ತುಮಕೂರಿನವನು.

ಹೊನ್ನಾವರದವ:
ಹ್ಹ ಹ್ಹ. ಇನ್ನೊಂದು ಹೇಳುವುದು ಮರೆತೆ. ಕಠ್ಮಂಡು ಪಕ್ಕದಲ್ಲೇ ಒಂದು ಗೋಕರ್ಣ ಉಂಟು. ಬಾಗ್ಮತಿ ದಡದಲ್ಲಿ ಗೋಕರ್ಣೇಶ್ವರ ಮಹಾದೇವ. ನಮ್ಮ ಶ್ರಾವಣ ಮುಗಿಯುವ ಅಮಾವಾಸ್ಯೆಗೆ ಅಲ್ಲಿ ಅಪ್ಪಂದಿರ ದಿನ. ಅಪ್ಪ ಇರುವವರು ಅಪ್ಪನಿಗೆ ಸಿಹಿ ಕೊಡುತ್ತಾರೆ, ಇಲ್ಲದವರು ಗೋಕರ್ಣಕ್ಕೆ ಹೋಗಿ ಶ್ರಾದ್ಧ ಮಾಡುತ್ತಾರೆ. ನಮ್ಮ ಗೋಕರ್ಣದ ಕೋಟಿತೀರ್ಥದಲ್ಲಿ ನನ್ನ ಅಪ್ಪನ ಕಾರ್ಯ ಮಾಡಿದ್ದೆ. ಅಲ್ಲಿ ಹೊಳೆ ಬದಿ ಎಲೆ ಮೇಲೆ ಪಿಂಡ ಇಟ್ಟು ಕೂತವರನ್ನು ಕಂಡು ಕಾಲು ಮುಂದೆ ಹೋಗಲಿಲ್ಲ.

ಮಂಗಳೂರ್‌ಬನ್ಸ್:
ನೀವು ಹೋಗುವ ತಿಂಗಳು ಹಬ್ಬಗಳದ್ದೇ. ನಮ್ಮ ಗೌರಿ ಹಬ್ಬದ ದಿನವೇ ಅಲ್ಲಿ ತೀಜ್. ಕೆಂಪು ಸೀರೆ ಉಟ್ಟ ಹೆಂಗಸರು ಪಶುಪತಿಯಲ್ಲಿ ಸಾಲು ಸಾಲು, ಉಪವಾಸ, ರಸ್ತೆ ಮೇಲೇ ಕುಣಿತ. ಆ ದಿನ ದರ್ಶನದ ಆಸೆ ಬಿಡಿ, ನೋಡೋಕೆ ಹೋಗಿ. ಅನಂತ ಚತುರ್ದಶಿ ಹೊತ್ತಿಗೆ ಇಂದ್ರಜಾತ್ರೆ. ಹನುಮಾನ್ ಢೋಕಾದಲ್ಲಿ ಕುಮಾರಿಯ ತೇರು ಎಳೆಯುತ್ತಾರೆ. ಕುಮಾರಿ ಅಂದರೆ ಶಾಕ್ಯ ಮನೆತನದಿಂದ ಆರಿಸಿದ ಪುಟ್ಟ ಹುಡುಗಿ, ಅವಳನ್ನೇ ದೇವಿ ಅಂತ ಪೂಜಿಸುತ್ತಾರೆ. ಕುಮಾರಿ ಮನೆಯ ಅಂಗಳಕ್ಕೆ ಹೋಗಬಹುದು. ಅವಳು ಕಿಟಕಿಗೆ ಬಂದರೆ ಫೋಟೊ ತೆಗೆಯಬಾರದು. ಶಾಲೆಗೂ ಆಗ ರಜೆ ಸಿಗಬಹುದು, ನಿಮ್ಮ ಆರು ಶನಿವಾರದ ಲೆಕ್ಕ ತಪ್ಪುತ್ತದೆ.

ಒಂದು ಎಚ್ಚರಿಕೆ. ನಗರಕೋಟ್‌ಗೆ ಹಿಮಾಲಯದ ಸೂರ್ಯೋದಯ ಅಂತ ಯಾರಾದರೂ ಆಗಸ್ಟಿನಲ್ಲಿ ಕರೆದರೆ ಹೋಗಬೇಡಿ. ಮೂರೂವರೆಗೆ ಎದ್ದು, ಚಳಿಯಲ್ಲಿ ನಡುಗಿ, ನಾವು ಕಂಡದ್ದು ಬಿಳಿ ಮೋಡ. ಮಳೆಗಾಲ ಮುಗಿಯಬೇಕು.

ಜೋಳದರೊಟ್ಟಿ:
ಗೌರಿ ಹಬ್ಬಕ್ಕೆ ಮನೆಯಲ್ಲಿ ಇರುವುದಿಲ್ಲ ಅಂತ ಅವ್ವ ಆಗಲೇ ಬೇಜಾರಾಗಿದ್ದಾಳೆ. ಇದನ್ನು ಹೇಳಿದರೆ ಸಮಾಧಾನ ಆಗಬಹುದು. ಅವಳ ಇನ್ನೊಂದು ಚಿಂತೆ, 2025ರ ಸೆಪ್ಟೆಂಬರ್‌ನಲ್ಲಿ ಪ್ರತಿಭಟನೆ ವೇಳೆ ಅಲ್ಲಿನ ಸರ್ಕಾರಿ ಕಚೇರಿಗಳಿರುವ ಸಿಂಹ ದರ್ಬಾರ್ ಹೊತ್ತಿ ಉರಿದದ್ದು ಟಿವಿಯಲ್ಲಿ ನೋಡಿದ್ದಾಳೆ.

ಬಿಸಿಲೂರು:
ಅವ್ವನ ಚಿಂತೆ ತಪ್ಪಲ್ಲ. ರಾಯಭಾರ ಕಚೇರಿಯ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಬೀದಿಯಲ್ಲಿ ಜನ ಸೇರಿದ್ದು ಕಂಡರೆ ಟೀಚರ್ ಮನೆಯವರನ್ನು ಕೇಳಿ ಹೊರಡಿ. ಅವರಿಗೆ ಗೊತ್ತಿದ್ದಷ್ಟು ಯಾವ ಆ್ಯಪ್‌ಗೂ ಗೊತ್ತಿರುವುದಿಲ್ಲ.

ಮಳೆಹುಳು:
ಹೋಗುವುದು ಹೇಗೆ? ಮೈಸೂರಿನಿಂದ ದರ್ಭಂಗಾಕ್ಕೆ ಹೋಗುವ ರೈಲಿನ ಹೆಸರೇ ಬಾಗ್ಮತಿ ಎಕ್ಸ್‌ಪ್ರೆಸ್! ಪಶುಪತಿಯ ಎದುರು ಹರಿಯುವ ಬಾಗ್ಮತಿಯೇ ಬಿಹಾರಕ್ಕೆ ಇಳಿಯುವುದು. ಬೆಂಗಳೂರಿನಲ್ಲೇ ಹತ್ತಬಹುದು.

ತಿರುಗಾಲತಿಪ್ಪ:
ಹತ್ತಬಹುದು. ಇಳಿಯುವ ಹೊತ್ತಿಗೆ ಒಂದು ಶನಿವಾರ ಖರ್ಚು. ದರ್ಭಂಗಾದಿಂದ ರಕ್ಸೌಲ್, ಗಡಿ ದಾಟಿ ಬೀರಗಂಜ್, ಅಲ್ಲಿಂದ ಬೆಟ್ಟದ ರಸ್ತೆ, ಅದೂ ಮಳೆಗಾಲದಲ್ಲಿ. ಗುಡ್ಡ ಕುಸಿದರೆ ಅಲ್ಲೇ ಇರಿ. ವಿಮಾನದಲ್ಲಿ ಹೋಗಿ. ಭಾರತೀಯರಿಗೆ ವೀಸಾ ಬೇಡ, ಆದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಆಧಾರ್ ಹಿಡಿದು ಹೋಗಿ ಕೌಂಟರಿನಲ್ಲಿ ಅಳುವವರನ್ನು ನೋಡಿದ್ದೇನೆ.

ಅಡ್ಡಮಾತು:
ದುಡ್ಡು? ಅಲ್ಲಿ ನಮ್ಮ ನೋಟು ನಡೆಯುತ್ತದಂತಲ್ಲ.

ತಿರುಗಾಲತಿಪ್ಪ:
ನಮ್ಮ ನೂರಕ್ಕೆ ಅವರ ನೂರ ಅರವತ್ತು. 1993ರಿಂದ ಈ ದರ ಬದಲಾಗಿಲ್ಲ. ನೂರರ ನೋಟು ಇಟ್ಟುಕೊಂಡರೆ ತೊಂದರೆ ಇಲ್ಲ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚೆ ನೋಡಿಕೊಳ್ಳಿ. 2024ರಿಂದ ಫೋನ್‌ಪೇ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಈ ಫೋನ್‌ಪೇ ನೇಪಾಳದ್ದು, ನಮ್ಮ ಫೋನ್‌ಪೇ ಬೇರೆ. ಬೆಲೆ ಹೇಳಿದಾಗ "ಐಸಿಯೋ, ಎನ್‌ಸಿಯೋ" ಅಂತ ಕೇಳಿ. ಐಸಿ ಅಂದರೆ ನಮ್ಮ ರೂಪಾಯಿ. ಕೇಳದೆ ಕೊಟ್ಟರೆ ಒಂದಕ್ಕೆ ಒಂದೂವರೆ ಹೋಯಿತು.

ಮಂಗಳೂರ್‌ಬನ್ಸ್:
ಊಟದ್ದು ನಾನು ಹೇಳಿಯೇ ತೀರಬೇಕು. ಬರೀ ಮೊಮೊ ಅಂದರೆ ಬಹಳ ಕಡೆ ಎಮ್ಮೆ ಮಾಂಸದ್ದು ಬರುತ್ತದೆ. "ಬಫ್" ಅಂತ ಬರೆದಿರುತ್ತದೆ. "ವೆಜ್" ಅಂತ ಒತ್ತಿ ಹೇಳಿ. ಮನೆಯಲ್ಲಿ ದಾಲ್ ಭಾತ್ ಎರಡು ಹೊತ್ತೂ ಇರುತ್ತದೆ, ಬಡಿಸುತ್ತಲೇ ಇರುತ್ತಾರೆ, ತಟ್ಟೆ ಮೇಲೆ ಕೈ ಅಡ್ಡ ಇಟ್ಟರೂ ಬಿಡುವುದಿಲ್ಲ. ಪಾಟನ್‌ನಲ್ಲಿ ಬಾರಾ ಹುಡುಕಿ. ಉದ್ದಿನ ಹಿಟ್ಟನ್ನು ಕಾವಲಿ ಮೇಲೆ ತಟ್ಟಿ ಮಾಡುತ್ತಾರೆ, ನಮ್ಮ ವಡೆಗೆ ಚಪ್ಪಟೆ ತಮ್ಮ. ಚತಾಮರಿ ಅಕ್ಕಿ ಹಿಟ್ಟಿನದು, ದೋಸೆಯ ದೂರದ ಸಂಬಂಧಿ. ಎರಡಕ್ಕೂ ಮೇಲೆ ಮೊಟ್ಟೆ, ಮಾಂಸ ಹಾಕುವುದುಂಟು, ಬರೀ ಕೊಡಿ ಅನ್ನಿ. ಭಕ್ತಪುರದಲ್ಲಿ ಮಣ್ಣಿನ ಕುಡಿಕೆಯ ಜುಜು ಧೌ ತಿನ್ನದೆ ಬಂದರೆ ನಾನು ಮಾತು ಬಿಡುತ್ತೇನೆ. ಜುಜು ಅಂದರೆ ರಾಜ. ಗಟ್ಟಿ ಸಿಹಿ ಮೊಸರು.

ಕರುನಾಡಕಲಿ:
ದೋಸೆಯೂ ನಮ್ಮಿಂದಲೇ ಹೋಗಿರಬೇಕು.

ನಿವೃತ್ತಮೇಷ್ಟ್ರು:
ತಮ್ಮಾ...

ಖಡಕ್‌ಚಹಾ:
ಭಕ್ತಪುರಕ್ಕೆ ಒಂದು ಶನಿವಾರ ಪೂರ್ತಿ ಕೊಡಿ. ಐದು ಅಂತಸ್ತಿನ ನ್ಯಾತಪೋಲ ಗುಡಿ, ಭೂಪತೀಂದ್ರ ಮಲ್ಲನ ಕಾಲದ್ದು, 1702. ಮೆಟ್ಟಿಲ ಬುಡದಲ್ಲಿ ಇಬ್ಬರು ಪೈಲ್ವಾನರು, ಮೇಲೆ ಆನೆ, ಆಮೇಲೆ ಸಿಂಹ. ಒಂದೊಂದು ಮೆಟ್ಟಿಲಿಗೆ ಬಲ ಹತ್ತು ಪಟ್ಟು ಅಂತ ನಂಬಿಕೆ. 1934ರ ಭೂಕಂಪಕ್ಕೂ 2015ರ ಭೂಕಂಪಕ್ಕೂ ನಿಂತುಕೊಂಡಿತು. ಅಲ್ಲೇ ಹತ್ತಿರದ ವತ್ಸಲಾ ಗುಡಿ 2015ರಲ್ಲಿ ಕುಸಿದಿತ್ತು.

ಶನಿವಾರದ ಮಾತು ಬಂದದ್ದಕ್ಕೆ ನೆನಪಾಯಿತು. 2015ರ ಏಪ್ರಿಲ್ 25ರ ಆ ಭೂಕಂಪ ಆದದ್ದೂ ಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ನಿಮಿಷ ಇತ್ತು. ಸುಮಾರು ಒಂಬತ್ತು ಸಾವಿರ ಜನ ಹೋದರು. ಸಾವಿರಾರು ಶಾಲೆ ಕಟ್ಟಡಗಳು ಬಿದ್ದವು. ರಜೆ ಇದ್ದ ಕಾರಣ ಒಳಗೆ ಮಕ್ಕಳಿರಲಿಲ್ಲ. ನಾನು ಭಕ್ತಪುರದಲ್ಲಿ ಉಳಿದಿದ್ದ ಮನೆಯ ಅಜ್ಜಿ ಇದನ್ನು ಹೇಳಿ, "ಶನಿಯನ್ನು ಎಲ್ಲರೂ ಬೈಯುತ್ತಾರೆ, ನಾನು ಬೈಯುವುದಿಲ್ಲ" ಅಂದಿದ್ದರು.

ಮಳೆಹುಳು:
ಮೈ ಜುಂ ಅಂತು.

ತಿರುಗಾಲತಿಪ್ಪ:
ಹಾಗಾದರೆ ಒಂದು ಶನಿವಾರ ಭಕ್ತಪುರ, ಒಂದು ಪಶುಪತಿ ಮತ್ತು ಬೌದ್ಧ (ಹತ್ತಿರ ಹತ್ತಿರ ಇವೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬೌದ್ಧದಲ್ಲಿರಿ, ಎಲ್ಲರೂ ಸ್ತೂಪ ಬಲಕ್ಕಿಟ್ಟು ಸುತ್ತುತ್ತಾರೆ, ಎದುರು ದಿಕ್ಕಿಗೆ ನುಗ್ಗಬೇಡಿ). ಒಂದು ಹನುಮಾನ್ ಢೋಕಾ ಮತ್ತು ಅಸನ್ ಪೇಟೆ. ಮತ್ತೆ ಕಟ್ಟಿದ ಕಾಷ್ಠಮಂಡಪ ಅಲ್ಲೇ ಇದೆ, ಊರಿಗೆ ಹೆಸರು ಬಂದದ್ದು ಅದರಿಂದಲೇ. ಸ್ವಯಂಭುವಿಗೆ ಬೆಳಗ್ಗೆ ಬೇಗ, 365 ಮೆಟ್ಟಿಲು, ಮಂಗಗಳಿವೆ, ಕೈಯಲ್ಲಿ ತಿಂಡಿ ಬೇಡ. ಉಳಿದ ಎರಡು ಖಾಲಿ ಬಿಡಿ.

ಅಡ್ಡಮಾತು:
ಖಾಲಿ ಯಾಕೆ?

ತಿರುಗಾಲತಿಪ್ಪ:
ಬಟ್ಟೆ ಒಗೆಯೋಕೆ. ಮಳೆಗಾಲ ಅಲ್ವಾ, ಒಣಗೋದಿಲ್ಲ.

ಜೋಳದರೊಟ್ಟಿ:
ಬಂದು ಎರಡು ವಾರ ಆಯಿತು. ಮೊದಲ ಶನಿವಾರ ಎಲ್ಲಿಗೂ ಹೋಗಲಿಲ್ಲ. ಶುಕ್ರವಾರ ರಾತ್ರಿಯಿಂದ ಹೊಟ್ಟೆ ಕೆಟ್ಟು ಮಲಗಿದ್ದೆ. ನಲ್ಲಿ ನೀರಲ್ಲಿ ಬಾಯಿ ಮುಕ್ಕಳಿಸಿದ್ದು ನನ್ನದೇ ತಪ್ಪು. ಎರಡನೇ ಶನಿವಾರ ಏಳನೇ ಕ್ಲಾಸಿನ ಮೂವರು ಹುಡುಗಿಯರು "ಮಿಸ್, ನಾವು ತೋರಿಸುತ್ತೇವೆ" ಅಂತ ಮನೆ ಬಾಗಿಲಿಗೇ ಬಂದರು. ಪಾಟನ್ ಗಲ್ಲಿಗಳಲ್ಲಿ ಐದು ತಾಸು ತಿರುಗಿಸಿದರು. ಮೇಷ್ಟ್ರು ಹೇಳಿದ ಕಲ್ಲಿನ ರಾಮಾಯಣ ಅವರಿಗೆ ಬೇಡವೇ ಬೇಡ. ಒಬ್ಬಳ ಅಜ್ಜ ತಾಮ್ರದ ಮೂರ್ತಿ ಮಾಡುವ ಅಂಗಡಿ, ಇನ್ನೊಬ್ಬಳು ಬಿದ್ದು ಹಲ್ಲು ಮುರಿದುಕೊಂಡ ಕಟ್ಟೆ, ಮೂರನೆಯವಳ ಮನೆ ನಾಯಿ. ಇವು ಯಾವ ಪ್ಯಾಕೇಜಿನಲ್ಲೂ ಇರಲಿಲ್ಲ. ಕಂಪ್ಯೂಟರ್ ಕ್ಲಾಸಿನಲ್ಲಿ ತುಟಿ ಬಿಚ್ಚದ ಹುಡುಗಿ ಬೀದಿಯಲ್ಲಿ ಬಾಯಿ ಮುಚ್ಚಲಿಲ್ಲ.

ಬಾರಾ ತಿಂದೆ. ನಾಲ್ಕು.

ಮಂಗಳೂರ್‌ಬನ್ಸ್:
ಚಟ್ನಿ ಏನು ಕೊಟ್ಟರು?

ಜೋಳದರೊಟ್ಟಿ:
ಆಲೂಗಡ್ಡೆ ಉಪ್ಪಿನಕಾಯಿ ತರ ಏನೋ. ತೆಂಗಿನಕಾಯಿ ಚಟ್ನಿ ಅಂದರೆ ಏನು ಅಂತ ಆ ಮೂವರಿಗೆ ಅರ್ಧ ಗಂಟೆ ವಿವರಿಸಿದೆ. ಮುಂದಿನ ಶನಿವಾರ ಅಸನ್‌ನಲ್ಲಿ ಕಾಯಿ ಹುಡುಕಲು ಹೋಗುತ್ತಿದ್ದೇವೆ. ತುರಿಮಣೆ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?